ಸಿಂಗಾಪುರದ ಗೋಡೆಯ ಮೇಲೆ ಅಮ್ಮನ ಕ್ಯಾಲೆಂಡರ್

ನಾನು ಕೋಲಾರದವನು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ನೀರೆಂದರೆ ಕೆರೆಯ ನೀರು; ಅದು ಏರಿದರೆ ಮಳೆಗಾಲದಲ್ಲಿ, ಇಳಿದರೆ ಬೇಸಗೆಯಲ್ಲಿ. ದಿನಕ್ಕೆರಡು ಸಲ ಏರಿಳಿಯುವ ನೀರಿನ ಮರ್ಜಿ ನೋಡಿ ರಜೆ ಹಾಕಬೇಕೆಂಬುದು ತಲೆಗೆ ಹೋಗಲು ಸಿಂಗಾಪುರದ ನೌಕರಿಯಲ್ಲಿ ಒಂದೂವರೆ ವರ್ಷ ಹಿಡಿಯಿತು. ಈಗ ನಮ್ಮ ಪಕ್ಕದ ಬೀದಿಯ ಸ್ನೇಹಿತರ ಮಗಳು ಅಲ್ಲಿಗೆ ಕೆಲಸಕ್ಕೆ ಹೊರಟಿದ್ದಾಳೆ. "ಶನಿವಾರ, ಭಾನುವಾರ ಏನು ಮಾಡುತ್ತಿದ್ದಿರಿ ಅಂಕಲ್?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಮೊದಲ ಸಲವೇ ಎಡವಿದೆ. ಮಲೇಷ್ಯಾದ ಪೂರ್ವ ಕರಾವಳಿಯಾಚೆ ಟಿಯೊಮಾನ್ ದ್ವೀಪವಿದೆ. ಗುಡ್ ಫ್ರೈಡೇ ಸೇರಿ ಮೂರು ದಿನ ರಜೆ ಸಿಕ್ಕಿತ್ತು. ನಾನೂ ನನ್ನ ಹೆಂಡತಿಯೂ ಬೆಳಗಿನ ಜಾವ ಗಡಿ ದಾಟಿ, ಬಸ್ಸು ಹಿಡಿದು, ಮರ್ಸಿಂಗ್ ಎಂಬ ಬಂದರಿನ ಊರು ತಲುಪುವಾಗ ಹನ್ನೊಂದು ಗಂಟೆ. ಟಿಕೆಟ್ ಕೊಡುವವನು ಫೆರಿ ಹೊರಡುವುದು ಮೂರರ ಮೇಲೆ, ಈಗ ನೀರಿಲ್ಲ ಎಂದ. ಸಮುದ್ರ ಪಕ್ಕದಲ್ಲೇ ಇಟ್ಟುಕೊಂಡು ನೀರಿಲ್ಲವಂತೆ! ಕೋಲಾರದಲ್ಲಿ ಕೇಳಿ ಕೇಳಿ ಸಾಕಾದ ಮಾತು ಅಲ್ಲಿಗೂ ಬೆನ್ನು ಹತ್ತಿತ್ತು. ಜೆಟ್ಟಿ ಇರುವುದು ನದಿ ಸಮುದ್ರಕ್ಕೆ ಸೇರುವ ಕಡೆ. ಆಳ ಕಡಿಮೆ, ಇಳಿತದ ಹೊತ್ತಿನಲ್ಲಿ ದೋಣಿಯ ತಳ ಕೆಸರಿಗೆ ತಾಗುತ್ತದೆ. ಆದ್ದರಿಂದ ಫೆರಿಯ ವೇಳಾಪಟ್ಟಿ ದಿನದಿನವೂ ಬೇರೆ. ನಾಲ್ಕು ಗಂಟೆ ಕುಳಿತು, ಕೆಸರಿನ ಮೇಲೆ ಕುಪ್ಪಳಿಸುವ ಮೀನುಗಳನ್ನು ಎಣಿಸಿದೆವು. ದ್ವೀಪ ಮುಟ್ಟುವಾಗ ಸಂಜೆಯಾಗಿತ್ತು, ಮೂರು ದಿನದ ರಜೆಯಲ್ಲಿ ಒಂದು ದಿನ ಖರ್ಚು. ಆಮೇಲೆ ಕ್ರಮ ತಿರುಗಿಸಿದೆ: ಮೊದಲು ಫೆರಿಯ ಹೊತ್ತು ನೋಡುವುದು, ಅನಂತರ ಕಚೇರಿಯಲ್ಲಿ ರಜೆ ಕೇಳುವುದು. ನವೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತದ ಕಾಲ. ಆ ಕಡೆಯ ಆಸೆಯನ್ನೇ ಬಿಡಬೇಕು. ದೀಪಾವಳಿಯ ರಜೆಗೆ ಟಿಯೊಮಾನ್ ಎಂದು ಕನಸು ಕಾಣುವವರಿಗೆ ಇದು ಕಹಿ ಸುದ್ದಿ.

ನಿಜವಾಗಿ ಮನಸ್ಸಿಗೆ ಹತ್ತಿದ್ದು ಸಿಂಗಾಪುರದ್ದೇ ಆದ ಪುಟ್ಟ ದ್ವೀಪ, ಪುಲಾವ್ ಉಬಿನ್. ಪಾಸ್‌ಪೋರ್ಟು ಬೇಡ, ಮುಂಗಡ ಟಿಕೆಟ್ಟೂ ಬೇಡ. ಚಾಂಗಿ ಪಾಯಿಂಟ್‌ನಲ್ಲಿ ಮರದ ದೋಣಿ ನಿಂತಿರುತ್ತದೆ. ಹನ್ನೆರಡು ಜನ ತುಂಬಿದರೆ ಹೊರಡುತ್ತದೆ, ನಮ್ಮ ಹಳ್ಳಿ ದಾರಿಯ ಟೆಂಪೋಗಳ ಹಾಗೆ. ಕಾಲು ಗಂಟೆಯೊಳಗೆ ಆಚೆ ದಡ.

ಅಲ್ಲಿ ಚೆಕ್ ಜಾವಾ ಎಂಬ ತೀರವಿದೆ. ನೀರು ಚೆನ್ನಾಗಿ ಇಳಿದಾಗ ಮಾತ್ರ ಅದರ ಹೊಟ್ಟೆಯೊಳಗಿನದು ಕಾಣುತ್ತದೆ: ಸಮುದ್ರದ ಹುಲ್ಲು, ಏಡಿ, ನಕ್ಷತ್ರಮೀನು. ಉಬ್ಬರವಿಳಿತದ ಕೋಷ್ಟಕದಲ್ಲಿ ಅರ್ಧ ಮೀಟರಿಗಿಂತ ಕೆಳಗಿನ ಅಂಕಿ ಇರುವ ದಿನ ಹುಡುಕಬೇಕು. ಒಮ್ಮೆ ನಾನು ಮೊಬೈಲಿನಲ್ಲಿ ಅಂಥ ದಿನಗಳನ್ನು ಹುಡುಕುತ್ತಿದ್ದೆ. ಊರಿನಿಂದ ಬಂದಿದ್ದ ಅಮ್ಮ, ತಾನೇ ತಂದು ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರ್ ನೋಡಿ, "ಇದೇನೋ, ನೀನು ಹೇಳುವುದೆಲ್ಲ ಅಮಾವಾಸ್ಯೆ, ಹುಣ್ಣಿಮೆಯ ಅಕ್ಕಪಕ್ಕವೇ ಬರುತ್ತಿದೆಯಲ್ಲ" ಎಂದರು. ಬರಲೇಬೇಕು, ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ಎಳೆಯುವುದು ಆಗಲೇ. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದವನು ನಾನು, ನೋಡಿ ಹೇಳಿದವರು ಅಮ್ಮ. ಅಂದಿನಿಂದ ಆ ಕ್ಯಾಲೆಂಡರಿನಲ್ಲಿ ದಿನ ಗುರುತಿಸಿ, ಕೋಷ್ಟಕದಲ್ಲಿ ಗಂಟೆ ನೋಡಿಕೊಳ್ಳುತ್ತಿದ್ದೆ. ಇಳಿತ ನಡುರಾತ್ರಿಗೆ ಬಿದ್ದರೆ ಪ್ರಯೋಜನವಿಲ್ಲ ನೋಡಿ.

ಅಮ್ಮನನ್ನೂ ಕರೆದುಕೊಂಡು ಹೋದೆ. ಉಬಿನ್ ಗ್ರಾನೈಟ್ ಕಲ್ಲಿನ ದ್ವೀಪ. 1851ರಲ್ಲಿ ಮುಗಿದ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೆ ಕಲ್ಲು ಹೋದದ್ದು ಇಲ್ಲಿಂದಲೇ. ಕೊನೆಯ ಕ್ವಾರಿ 1999ರಲ್ಲಿ ಮುಚ್ಚಿತು. ಈಗ ಅವುಗಳಲ್ಲಿ ಹಸಿರು ನೀರು, ಮೇಲೆ ಕೊಕ್ಕರೆಗಳು. ಬೇಲಿ ಹಿಡಿದು ನಿಂತ ಅಮ್ಮ, "ಇದನ್ನು ನೋಡಲು ವಿಮಾನ ಹತ್ತಿ ಬರಬೇಕಿತ್ತೇ? ನಮ್ಮಲ್ಲಿ ಇಂಥವು ಬೇಕಾದಷ್ಟಿವೆ" ಎಂದರು. ಆಮೇಲೆ ಪುಳಿಯೋಗರೆಯ ಕವರ್ ಬಿಚ್ಚಿದರು. ಆ ಚರಪರ ಸದ್ದಿಗೆ ಪೊದೆಯಿಂದ ಕಾಡುಹಂದಿಯೊಂದು ಮರಿಗಳ ಸಮೇತ ಹೊರಟಿತು. ಅಮ್ಮ ಕವರನ್ನು ಅಲ್ಲೇ ಬಿಟ್ಟು ನನ್ನ ಬೆನ್ನ ಹಿಂದೆ ಸರಿದರು. ಉಬಿನ್‌ಗೆ ಬುತ್ತಿ ಒಯ್ಯುವವರು ಡಬ್ಬಿಯಲ್ಲಿ ಒಯ್ಯಿರಿ.

ಇಂಡೋನೇಷ್ಯಾದ ಬಾತಾಮ್‌ಗೂ ಹಲವು ಸಲ ಹೋದೆ. ಫೆರಿಯಲ್ಲಿ ಸುಮಾರು ಒಂದು ಗಂಟೆ. ಅಲ್ಲಿನ ಗಡಿಯಾರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಹೋಗುವಾಗ ಎಂಟೂವರೆಗೆ ಹೊರಟು ಎಂಟೂವರೆಗೇ ಇಳಿಯುವುದು ಮಜವೆನಿಸುತ್ತದೆ. ಬರುವಾಗ ಆ ಸಾಲ ತೀರಿಸಬೇಕು. ಒಂದು ಭಾನುವಾರ ರಾತ್ರಿ ಎಂಟಕ್ಕೆ ನನಗೆ ಪಾಳಿ ಇತ್ತು. ಸಂಜೆ ಆರರ ಫೆರಿ ಹತ್ತಿದರೆ ಏಳಕ್ಕೆ ತಲುಪುತ್ತೇನೆಂದು ನಿಶ್ಚಿಂತೆಯಿಂದ ಹತ್ತಿದೆ. ಇಳಿದಾಗ ಎಂಟು ದಾಟಿತ್ತು. ಮೇಲಧಿಕಾರಿಯ ಮುಂದೆ ಒದ್ದೆ ಚಪ್ಪಲಿಯಲ್ಲಿ ನಿಂತ ನೆನಪು ಇನ್ನೂ ಹೋಗಿಲ್ಲ.

ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಬೇಕು, ಚೀಲ ಒಂದೇ ಇರಲಿ, ಕೊನೆಯ ಫೆರಿಯನ್ನು ನಂಬಬೇಡ ಎಂದೆಲ್ಲ ಆ ಹುಡುಗಿಗೆ ಹೇಳಿದೆ. ಬರೆದುಕೊಂಡಳು. ಒಂದು ಕ್ಯಾಲೆಂಡರ್ ಕೂಡ ಇಟ್ಟುಕೋ ಎನ್ನುವಷ್ಟರಲ್ಲಿ ಒಳಗಿನಿಂದ ಅವಳ ತಾಯಿಯ ದನಿ ಬಂತು: "ಆಗಲೇ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಏಕಾದಶಿ ಗೊತ್ತಾಗಬೇಡವೇ ಅವಳಿಗೆ?"