ಖಾಲಿ ಟ್ಯಾಂಕಿನ ಸಹವಾಸ: ಅಪ್ಪನ ಯೆಜ್ಡಿಗೆ ಬಿದ್ದ ತೂತು

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಒಂಬತ್ತು ವರ್ಷ ಮಂಡ್ಯದ ಹತ್ತಿರದ ನಮ್ಮೂರ ಕೊಟ್ಟಿಗೆಯಲ್ಲಿ ನಿಂತಿತ್ತು. ಸೈಡ್ ಸ್ಟ್ಯಾಂಡ್ ಮೇಲೆ, ಎಡಕ್ಕೆ ವಾಲಿಕೊಂಡು. ಮೈಸೂರಿನ ಮನೆಗೆ ತಂದು ಪೆಟ್ರೋಲ್ ಹಾಕಿದ ಮೂರನೇ ದಿನ ಟ್ಯಾಂಕಿನ ಎಡ ಮೂಲೆ ಜಿನುಗತೊಡಗಿತು. ಎಡ ಮೂಲೆಯೇ ಯಾಕೆ? ನೀರು ಪೆಟ್ರೋಲಿಗಿಂತ ಭಾರ. ತೇವದಿಂದ ಸೇರಿದ ನೀರೆಲ್ಲ ತಳಕ್ಕಿಳಿದು, ಗಾಡಿ ವಾಲಿದ ಕಡೆಗೇ ಹರಿದು, ಒಂಬತ್ತು ವರ್ಷ ಅಲ್ಲೇ ಕೂತು ತಗಡು ತಿಂದಿದೆ.

ಗಾಡಿ ಹುಟ್ಟಿದ್ದು ಇಲ್ಲೇ, ಮೈಸೂರಿನ ಯಾದವಗಿರಿಯಲ್ಲಿ. 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಾಗಾಗಿ ಕಂಪನಿಯ ಹೊಸ ಟ್ಯಾಂಕ್ ಎಂಬ ಮಾತೇ ಇಲ್ಲ. ಈಗ ಮಾಡಿ ಮಾರುವ ನಕಲು ಟ್ಯಾಂಕ್ ತಗೋಬಹುದಿತ್ತು. ಆದರೆ ಈ ಟ್ಯಾಂಕ್ ಮೇಲೆ ಅಪ್ಪನ ಮೊಣಕಾಲು ಉಜ್ಜಿ ಬಣ್ಣ ಹೋದ ಗುರುತಿದೆ. ಅದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಮೊದಲು ನಾನೂ ಎಲ್ಲರ ಹಾಗೆ ಬಟ್ಟೆ ಸೋಪನ್ನು ತೂತಿಗೆ ತಿಕ್ಕಿದೆ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಹಾಗಾಗಿ ದಾರಿಯಲ್ಲಿ ಸೋರಿದರೆ ಮನೆ ಮುಟ್ಟುವವರೆಗೆ ತಡೆಯುತ್ತದೆ. ಅಷ್ಟೇ ಅದರ ಕೆಲಸ. ಆಮೇಲೆ ಅಂಗಡಿಯಲ್ಲಿ ಸಿಗುವ ಎಪಾಕ್ಸಿ ಪುಟ್ಟಿ ಮೆತ್ತಿದೆ. ತಿಂಗಳು ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ತುಕ್ಕು, ಆಯಿಲ್ ಮೇಲೆ ಮೆತ್ತಿದ್ದು ಇನ್ನೇನಾಗುತ್ತೆ?

ಕೊನೆಗೆ ಒಂದು ವೆಲ್ಡಿಂಗ್ ಅಂಗಡಿಗೆ ಹೋದೆ. "ಖಾಲಿ ಮಾಡ್ಕೊಂಡು ಬನ್ನಿ ಸಾರ್, ಎರಡೇ ನಿಮಿಷ" ಅಂದರು. ಖಾಲಿ ಮಾಡಿದೆ. ಅಂಗಡಿಗೆ ಹೊರಡುವ ಮುಂಚೆ ಊರಿನ ದೊಡ್ಡಪ್ಪನಿಗೆ ಸುಮ್ನೆ ಫೋನ್ ಮಾಡಿದೆ. ಅವರು ಹಳೇ ಲಾರಿ ಮೆಕ್ಯಾನಿಕ್. ಫೋನಿನಲ್ಲೇ ಕೂಗಿದರು. "ತುಂಬಿದ್ ಟ್ಯಾಂಕು ಉರೀತದೆ, ಖಾಲಿ ಟ್ಯಾಂಕು ಸಿಡೀತದೆ ಕಣ್ಲಾ! ಮೊದ್ಲು ವಾಪಸ್ ಮಡುಗು ಅದ್ನ."

ಲೆಕ್ಕ ಹಾಕಿ ನೋಡಿದರೆ ಅವರ ಮಾತು ಸರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಶೇಕಡಾ ಇದ್ದರೆ ಕಿಡಿ ತಗುಲಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಹನ್ನೆರಡು ಲೀಟರಿನ ಟ್ಯಾಂಕಿನಲ್ಲಿ ಅಷ್ಟು ಆವಿ ಏಳಲು ಕಾಲು ಟೀ ಚಮಚ ಪೆಟ್ರೋಲ್ ಸಾಕು. ಬಗ್ಗಿಸಿ ಕೊನೆ ಹನಿವರೆಗೂ ಸುರಿದೆ ಅಂದುಕೊಂಡರೂ ಅದಕ್ಕಿಂತ ಜಾಸ್ತಿಯೇ ತುಕ್ಕಿನ ಪದರದಲ್ಲಿ, ಬೆಸುಗೆಯ ಮಡಿಕೆಯಲ್ಲಿ ಉಳಿದಿರುತ್ತದೆ. ನಮ್ಮದು ಟೂ ಸ್ಟ್ರೋಕ್ ಬೇರೆ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಒಳಗೆಲ್ಲ ಅಂಟಿನ ಹಾಗೆ ಹಿಡಿದು, ಪೆಟ್ರೋಲನ್ನೂ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಮೂಗಿಗೆ ವಾಸನೆ ಬರಲಿಲ್ಲ ಅಂತ ನಂಬುವ ಹಾಗಿಲ್ಲ. ಬಿಸಿ ತಾಗಿದಾಗ ಮತ್ತೆ ಆವಿ ಏಳುತ್ತದೆ.

ಗೆಳೆಯನೊಬ್ಬ, ಇನ್ನೊಂದು ಗಾಡಿಯ ಸೈಲೆನ್ಸರ್ ಹೊಗೆಯನ್ನು ಟ್ಯಾಂಕಿಗೆ ಬಿಟ್ಟರೆ ಗಾಳಿಯೆಲ್ಲ ಹೊರಗೆ ಹೋಗುತ್ತೆ ಎಂದ. ಅವನ ಗಾಡಿಯೂ ಯೆಜ್ಡಿಯೇ. ಟೂ ಸ್ಟ್ರೋಕ್ ಹೊಗೆಯಲ್ಲಿ ಉರಿಯದ ಪೆಟ್ರೋಲೇ ಬರುತ್ತದಲ್ಲ ಮಾರಾಯ, ಅಂದೆ. ಇಬ್ಬರೂ ನಕ್ಕು ಬಿಟ್ಟೆವು.

ಪೆಟ್ರೋಲ್ ಇಳಿಸುವಾಗಲೇ ಒಂದು ತಪ್ಪು ಮಾಡಿದ್ದೆ. ಹೊರಗೆ ಅಂಗಳದಲ್ಲಿ, ಗಾಡಿಯ ಬ್ಯಾಟರಿ ವೈರ್ ತೆಗೆದು, ಕಬ್ಬಿಣದ ಕ್ಯಾನಿಗೆ ಇಳಿಸಿದೆ. ಅಲ್ಲಿವರೆಗೆ ಸರಿ. ಆದರೆ ಸಂಜೆ ಆರು ಗಂಟೆ. ನಮ್ಮ ಅಂಗಳ ತುಳಸಿ ಕಟ್ಟೆ ಕಡೆಗೆ ಇಳಿಜಾರು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹೋಗುತ್ತದೆ. ಅಮ್ಮ ದೀಪ ಹಿಡಿದು ಬಾಗಿಲಿಗೆ ಬಂದವರು ನನ್ನ ಮುಖ ನೋಡಿ ಅಲ್ಲೇ ನಿಂತರು. "ದೀಪ ಹಚ್ಚೋ ಹೊತ್ತಲ್ಲಿ ಇದೇನೋ?" ಎಂದು ಬೈದು ಒಳಗೆ ಹೋದರು. ಆ ದಿನ ತುಳಸಿಗೆ ದೀಪವಿಲ್ಲ. ಮಾರನೇ ದಿನದಿಂದ ನನ್ನ ಕೆಲಸವೆಲ್ಲ ಬೆಳಿಗ್ಗೆ, ಗಾಳಿ ಆಡುವ ತಾರಸಿಯ ಮೇಲೆ.

ಪೆಟ್ರೋಲ್ ಕಾಕ್ (ಟ್ಯಾಂಕಿನ ತಳದ ನಲ್ಲಿ), ಮುಚ್ಚಳ ಎಲ್ಲ ಬಿಚ್ಚಿದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಮತ್ತು ಸೋಪು ಪುಡಿ ಕಲಸಿ ಟ್ಯಾಂಕಿನ ಬಾಯಿವರೆಗೂ ಸುರಿದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪೈಪ್ ಹಿಡಿದು ಉಕ್ಕಿ ಹರಿಯುವ ಹಾಗೆ ತೊಳೆದೆ. ಮೂರು ದಿನ ಇದೇ ಆಯಿತು. ಮೊದಲ ದಿನದ ನೀರು ಕಾಫಿ ಡಿಕಾಕ್ಷನ್ ಥರ ಬಂತು.

ಇನ್ನು ತುಕ್ಕು. ಬಾತ್‌ರೂಮ್ ಆಸಿಡ್ ಹಾಕಿ ಅಂದವರು ಬಹಳ ಜನ. ಅದು ತುಕ್ಕಿನ ಜೊತೆ ಒಳ್ಳೇ ತಗಡನ್ನೂ ತಿನ್ನುತ್ತದೆ, ಹೊರಗೆ ಬಿದ್ದರೆ ಬಣ್ಣವನ್ನೂ. ಬ್ಯಾಟರಿ ಚಾರ್ಜರ್ ಇಟ್ಟು ಕರೆಂಟಿನಿಂದ ತೆಗೆಯುವ ವಿಧಾನವೂ ಇದೆ. ಅದರಲ್ಲಿ ಕಿಡಿ ತಗುಲಿದರೆ ಸಿಡಿಯುವ ಹೈಡ್ರೋಜನ್ ಏಳುತ್ತದೆ. ಒಳಗೆ ಇಳಿಬಿಡುವ ಸರಳು ಸಾದಾ ಕಬ್ಬಿಣದ್ದೇ ಆಗಬೇಕು, ಸ್ಟೀಲ್ ಚಮಚ ಇಟ್ಟರೆ ವಿಷದ ಕ್ರೋಮಿಯಂ ನೀರಿಗೆ ಬಿಡುತ್ತದೆ. ನನಗೆ ಆ ಉಸಾಬರಿ ಬೇಡವಾಗಿತ್ತು.

ಮಂಡ್ಯದವರಿಗೆ ಇದ್ದೇ ಇದೆಯಲ್ಲ ಕಾಕಂಬಿ! ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ದನದ ಮೇವಿಗೆ ಬೆರೆಸಲು ದೊಡ್ಡಪ್ಪನ ಮನೆಯಲ್ಲಿ ಒಂದು ಕ್ಯಾನ್ ಇತ್ತು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ತುಂಬಿಸಿ ಹದಿನೆಂಟು ದಿನ ಬಿಟ್ಟೆ. ನಿಧಾನ, ಆದರೆ ತುಕ್ಕನ್ನು ಹುಡುಕಿ ಬಿಡಿಸುತ್ತದೆ, ಒಳ್ಳೇ ಕಬ್ಬಿಣದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಅಲ್ಯುಮಿನಿಯಂ, ಸತುವಿನ ಭಾಗ ಇದ್ದರೆ ಮಾತ್ರ ಮೊದಲೇ ತೆಗೆದಿಡಬೇಕು. ವಾಸನೆಯಂತೂ ಹೇಳತೀರದು. ಇರುವೆ ಸಾಲು ಕೆಳಗಿನ ಬೀದಿಯಿಂದಲೇ ಹೊರಟ ಹಾಗಿತ್ತು. ಇನ್ನೊಂದು ತಮಾಷೆ ನೋಡಿ. ಇದೇ ಕಾಕಂಬಿಯಿಂದಲೂ ಎಥನಾಲ್ ಮಾಡುತ್ತಾರೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಸುಮಾರು 20 ಶೇಕಡಾ ಎಥನಾಲ್. ಅದು ತೇವ ಹೀರುತ್ತದೆ, ತೇವದಿಂದ ತುಕ್ಕು. ರೋಗವೂ ಮದ್ದೂ ಒಂದೇ ಗಾಣದ್ದು.

ಹತ್ತೊಂಬತ್ತನೇ ದಿನ ಸುರಿದು, ಮೊಂಡು ತುಕ್ಕು ಉದುರಲಿ ಅಂತ ಇಪ್ಪತ್ತೈದು ನಟ್ ಎಣಿಸಿ ಒಳಗೆ ಹಾಕಿ, ಟ್ಯಾಂಕನ್ನು ಚಾದರದಲ್ಲಿ ಸುತ್ತಿ ಜೋಕಾಲಿ ಆಡಿಸಿದೆ. ಹೊರಗೆ ಬಂದದ್ದು ಇಪ್ಪತ್ತನಾಲ್ಕು. ಎರಡು ಸಂಜೆ ಅಲ್ಲಾಡಿಸಿ, ತಲೆಕೆಳಗು ಮಾಡಿ, ಟಾರ್ಚ್ ಬಿಟ್ಟು ನೋಡಿದೆ. ಸದ್ದೂ ಇಲ್ಲ, ನಟ್ಟೂ ಇಲ್ಲ. ನನ್ನ ಎಣಿಕೆಯೇ ತಪ್ಪಿರಬೇಕು ಅಂತ ಕೈಬಿಟ್ಟೆ. ನೀವು ಹಾಕುವುದಾದರೆ ತಂತಿ ಕಟ್ಟಿದ ಸಣ್ಣ ಚೈನ್ ಹಾಕಿ, ಎಳೆದರೆ ಪೂರ್ತಿ ಬರುತ್ತದೆ.

ಬರೀ ತಗಡು ಗಾಳಿಗೆ ಸಿಕ್ಕರೆ ನೋಡನೋಡುತ್ತಲೇ ಕೆಂಪಾಗುತ್ತದೆ. ಅಡಿಗೆ ಸೋಡಾ ನೀರಿನಲ್ಲಿ ತೊಳೆದು ಕೂಡಲೇ ಬಿಸಿಲಿಗಿಟ್ಟೆ. ಆಮೇಲೆ ಬಾಯಿಗಳಿಗೆ ಬೆಣೆ ಹೊಡೆದು, ಹೊರಗೆ ಸೋಪು ನೊರೆ ಬಳಿದು, ಸೈಕಲ್ ಪಂಪಿನಿಂದ ಮೆಲ್ಲಗೆ ಒಂದೆರಡು ಸಲ ಒತ್ತಿದೆ. ಕಂಪ್ರೆಸರ್ ಹಿಡಿದರೆ ಟ್ಯಾಂಕೇ ಉಬ್ಬಿ ಹೋದೀತು. ಒಂದು ತೂತು ಅಂದುಕೊಂಡಿದ್ದೆ, ಗುಳ್ಳೆ ಎದ್ದದ್ದು ಐದು ಕಡೆ. ಮಿಕ್ಕ ನಾಲ್ಕನ್ನು ಇಷ್ಟು ದಿನ ತುಕ್ಕೇ ಮುಚ್ಚಿ ಕಾಪಾಡಿತ್ತು!

ಮಂಡಿ ಮೊಹಲ್ಲಾದಲ್ಲಿ ಪಾತ್ರೆಗೆ ಕಲಾಯಿ ಹಾಕಿ, ಡಬ್ಬ ಬೆಸೆಯುವ ಹಿರಿಯರೊಬ್ಬರಿದ್ದಾರೆ. ಟ್ಯಾಂಕ್ ನೋಡಿದ ಕೂಡಲೇ ಅವರು ಕೇಳಿದ್ದು ರೇಟಿನ ಮಾತಲ್ಲ. "ಎಷ್ಟು ಸಲ ತೊಳೆದ್ರಿ?" ಹೇಳಿದೆ. ಆದರೂ ತಾವೇ ಒಮ್ಮೆ ಕುದಿಯುವ ನೀರು ಹಾಕಿ ಗಲಬರಿಸಿದರು. ಆಮೇಲೆ ಟ್ಯಾಂಕನ್ನು ಬೋರಲು ಹಾಕಿ, ತೂತಿಗೆ ಎರಡು ಬೆರಳು ಕೆಳಗಿನವರೆಗೂ ನೀರು ನಿಲ್ಲುವ ಹಾಗೆ ಮಾಡಿಕೊಂಡರು. ಒಳಗೆ ಗಾಳಿಗೆ ಎರಡು ಬೆರಳಿನಷ್ಟೇ ಜಾಗ ಉಳಿದ ಮೇಲೆ ಆವಿ ಹೆಚ್ಚು ನಿಲ್ಲುವುದೆಲ್ಲಿ? ಕಾಕ್ ಕೂರುವ ಬಾಯಿ ಮಾತ್ರ ತೆರೆದೇ ಇತ್ತು, ಹಬೆ ಹೋಗಲು. ಒಲೆ ಇದ್ದದ್ದು ಅಂಗಡಿಯ ಆ ತುದಿಯಲ್ಲಿ. ತಾಮ್ರದ ದಪ್ಪ ಮೂತಿಯ ಬೆಸುಗೆ ಕಡ್ಡಿಯನ್ನು ಅಲ್ಲಿ ಕಾಯಿಸಿ ಇಲ್ಲಿಗೆ ತರುತ್ತಿದ್ದರು, ಟ್ಯಾಂಕಿನ ಹತ್ತಿರ ಜ್ವಾಲೆ ಬರಲೇ ಇಲ್ಲ. ಆದರೆ ಆ ಕಡ್ಡಿಯ ಬಿಸಿಯೂ ಆವಿ ಹೊತ್ತಿಸಲು ಸಾಕು. ಬೆಸುಗೆಯಲ್ಲವಾ, ವೆಲ್ಡಿಂಗ್ ಅಲ್ಲವಲ್ಲ ಅಂತ ತೊಳೆಯುವುದನ್ನು ತಪ್ಪಿಸುವ ಹಾಗಿಲ್ಲ.

"ತೂತಿಗೆ ಸೀಸ ತುಂಬಿದ್ರೆ ನಿಲ್ಲಲ್ಲ ಚಾಚಾ?" ಎಂದೆ. "ಸುತ್ತ ಇರೋ ತಗಡು ತೆಳ್ಳಗಾಗಿರುತ್ತೆ. ತೇಪೆ ಬೇಕು," ಎಂದರು. ರೂಪಾಯಿಗಿಂತ ಸ್ವಲ್ಪ ದೊಡ್ಡದಾಗಿ ಹಿತ್ತಾಳೆ ತಗಡು ಕತ್ತರಿಸಿ, ಎರಡೂ ಕಡೆ ತವರ ಹಿಡಿಸಿ, ಕೂರಿಸಿದರು. ಐದು ತೂತಿಗೆ ಮೂರು ತೇಪೆ.

ಒಳಗಿನ ಲೇಪ ನಾನೇ ಹಾಕಿದೆ. ಎರಡು ಭಾಗ ಬೆರೆಸುವ ಟ್ಯಾಂಕ್ ಸೀಲರ್. ಎಥನಾಲ್ ತಡೆಯುತ್ತದೆ ಎಂದು ಡಬ್ಬದ ಮೇಲೆ ಬರೆದದ್ದನ್ನೇ ತಗೊಳ್ಳಿ, ಇಲ್ಲದಿದ್ದರೆ ಮೆತ್ತಗಾಗಿ ಸುಲಿದು ಕಾರ್ಬುರೇಟರ್ ಸೇರುತ್ತದೆ. ಒಳಗೆ ತೇವದ ಪಸೆಯೂ ಇರಬಾರದು. ಕಾಕ್ ಬಾಯಿಗೆ ಗ್ರೀಸ್ ಹಚ್ಚಿದ ಬೋಲ್ಟ್ ಬಿಗಿದು, ಸೀಲರ್ ಸುರಿದು, ಟ್ಯಾಂಕನ್ನು ಕಂದನ ಹಾಗೆ ಎಲ್ಲ ಮಗ್ಗುಲಿಗೂ ಹೊರಳಿಸಿ, ಮಿಕ್ಕದ್ದನ್ನು ಪೂರ್ತಿ ಬಸಿದೆ. ಬಸಿಯದೆ ಬಿಟ್ಟರೆ ತಳದಲ್ಲಿ ಕೆರೆಯಾಗಿ ನಿಂತು, ಆಮೇಲೆ ಬಿರುಕು ಬಿಡುತ್ತದೆ. ಗ್ಲೌಸ್ ಇತ್ತು, ಮಾಸ್ಕ್ ಮರೆತೆ, ಸಂಜೆವರೆಗೆ ತಲೆನೋವು. ಡಬ್ಬದ ಮೇಲೆ ನಾಲ್ಕು ದಿನ ಒಣಗಿಸಿ ಎಂದಿತ್ತು, ನಾನು ವಾರ ಬಿಟ್ಟೆ.

ಅರ್ಧ ಲೀಟರ್ ಪೆಟ್ರೋಲ್ ಹಾಕಿ, ಕೆಳಗೆ ಪೇಪರ್ ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಪೇಪರ್ ಒಣಗಿತ್ತು. ಮುಚ್ಚಳದ ಗಾಳಿ ತೂತನ್ನು ಸೂಜಿಯಿಂದ ಬಿಡಿಸಿ, ಪೈಪಿಗೆ ಗಾಜಿನ ಫಿಲ್ಟರ್ ಸಿಕ್ಕಿಸಿ, ಶ್ರೀರಂಗಪಟ್ಟಣದವರೆಗೆ ಹೋಗಿ ಬಂದೆ. ಹಂಪ್ ಬಂದಾಗೆಲ್ಲ ಟ್ಯಾಂಕಿನೊಳಗೆ 'ಟಣ್' ಅಂದ ಹಾಗಾಗುತ್ತಿತ್ತು. ಇಪ್ಪತ್ತೈದನೇ ನಟ್! ಲೇಪದಡಿ ಸಿಕ್ಕಿಕೊಂಡದ್ದು ಈಗ ಬಿಟ್ಟುಕೊಂಡಿದೆ, ಇವತ್ತಲ್ಲ ನಾಳೆ ಸೀಲರ್ ಕೀಳುತ್ತದೆ ಎಂದು ಐದು ತಿಂಗಳು ಒಳಗೊಳಗೇ ಕೊರಗಿದೆ.

ದೀಪಾವಳಿಗೆ ತಾರಸಿ ತೊಳೆಯುತ್ತಿದ್ದ ಅಮ್ಮ ನೀರು ಹೋಗುವ ಪೈಪಿನ ಬಾಯಿಂದ ಏನೋ ಎತ್ತಿ ನನ್ನ ಕೈಗಿಟ್ಟರು. "ಇದು ನಿಂದೇನೋ?"