ಬ್ರೆಡ್ಡಲ್ಲಿ ದಿಲ್‌ಪಸಂದ್: ನಾನು ಮನೆಯಲ್ಲಿ ಮಾಡುವ ರೀತಿ

ಅಯ್ಯಂಗಾರ್ ಬೇಕರಿಯ ದಿಲ್‌ಪಸಂದ್ ತಿಂದವರಿಗೆ ಅದರ ರುಚಿ ಎಲ್ಲಿದೆ ಅಂತ ಗೊತ್ತೇ ಇರುತ್ತದೆ. ಒಳಗಿನ ತೆಂಗಿನತುರಿ, ಸಕ್ಕರೆ, ಅಲ್ಲಲ್ಲಿ ಬಾಯಿಗೆ ಸಿಗುವ ಟೂಟಿ ಫ್ರೂಟಿ, ಚೆರ್ರಿ. ಮೇಲಿನ ಹೊದಿಕೆ ಇರುವುದು ಆ ಹೂರಣವನ್ನು ಹಿಡಿದಿಡೋಕೆ. ಆದರೆ ಮನೆಯಲ್ಲಿ ಮಾಡೋಕೆ ಹೊರಟರೆ ಕಷ್ಟವೆಲ್ಲ ಆ ಹೊದಿಕೆಯದ್ದೇ. ಮೈದಾ ನಾದಬೇಕು, ಈಸ್ಟ್ ಹಾಕಿ ಉಬ್ಬೋಕೆ ಬಿಡಬೇಕು, ಓವನ್ ಬೇಕು. ಕೆಲಸ ಮುಗಿಸಿ ಬಂದ ಸಂಜೆ ಅದೆಲ್ಲ ಆಗುವ ಮಾತಲ್ಲ. ಹಾಗಾಗಿ ನಾನು ಹೊದಿಕೆಗೆ ಸ್ಯಾಂಡ್‌ವಿಚ್ ಬ್ರೆಡ್ಡನ್ನೇ ಬಳಸುತ್ತೇನೆ. ಬ್ರೆಡ್ ಅಂದರೆ ಯಾರೋ ಆಗಲೇ ನಾದಿ, ಉಬ್ಬಿಸಿ, ಬೇಯಿಸಿಟ್ಟ ಮೈದಾ ಹಿಟ್ಟೇ ಅಲ್ವಾ? ಅದನ್ನು ಲಟ್ಟಿಸಿ ತೆಳ್ಳಗೆ ಮಾಡಿ, ಹೂರಣ ತುಂಬಿ, ಅಂಚು ಒತ್ತಿ, ಕಾವಲಿ ಮೇಲೆ ಗರಿಗರಿ ಮಾಡಿಕೊಂಡರೆ ಆಯಿತು. ಬೇಕರಿಯ ಆಕಾರ ಬರುವುದಿಲ್ಲ, ಪದರಗಳೂ ಬರುವುದಿಲ್ಲ. ಆದರೆ ಕಚ್ಚಿದಾಗ ಸಿಗುವ ಆ ಕಾಯಿ-ಏಲಕ್ಕಿ ರುಚಿ ಅದೇ.

ಮಾಡುತ್ತಾ ಮಾಡುತ್ತಾ ನನಗೆ ಖಾತ್ರಿಯಾಗಿರುವುದು ಒಂದೇ ವಿಷಯ. ಇಲ್ಲಿ ಎಲ್ಲವೂ ತೇವದ ಲೆಕ್ಕ. ಬ್ರೆಡ್ಡಲ್ಲಿ ತೇವ ಇರಬೇಕು, ಹೂರಣದಲ್ಲಿ ಇರಬಾರದು. ಸಾಮಾನ್ಯವಾಗಿ ಆಗುವುದು ಉಲ್ಟಾ. ಫ್ರಿಜ್ಜಲ್ಲಿಟ್ಟ ಒಣ ಬ್ರೆಡ್ಡಿಗೆ ಜಿಬಜಿಬ ಅನ್ನುವ ಹೂರಣ ತುಂಬಿಬಿಡುತ್ತಾರೆ, ಮಡಚಿದ ಜಾಗದಲ್ಲಿ ಬಿರುಕು, ತಳದಲ್ಲಿ ಮೆತ್ತಗೆ.

ಮೊದಲು ಬ್ರೆಡ್ ವಿಷಯ. ಅವತ್ತಿನದೋ ಹಿಂದಿನ ದಿನದ್ದೋ ಆದ ಬಿಳಿ ಸ್ಯಾಂಡ್‌ವಿಚ್ ಬ್ರೆಡ್ ತನ್ನಿ. ಬೇಕರಿಯಲ್ಲಿ ಬಿಸಿಬಿಸಿ ಸಿಕ್ಕರೆ ಪೂರ್ತಿ ಆರಿದ ಮೇಲೆ ಮುಟ್ಟಿ, ಬಿಸಿ ಇರುವಾಗ ಅದು ಲಟ್ಟಣಿಗೆಗೆ ಅಂಟಿಕೊಂಡು ಹರಿಯುತ್ತದೆ. ಮಿಲ್ಕ್ ಬ್ರೆಡ್ ಕೂಡ ಆಗುತ್ತದೆ, ಅದರಲ್ಲಿ ಸಿಹಿ ಜಾಸ್ತಿ ಇರುವುದರಿಂದ ಬೇಗ ಕೆಂಪಾಗುತ್ತದೆ, ಉರಿ ಇನ್ನೂ ಸಣ್ಣದಿರಬೇಕು. ಗೋಧಿ ಬ್ರೆಡ್, ಬ್ರೌನ್ ಬ್ರೆಡ್ ಮಾತ್ರ ಬೇಡ ಅಂತ ನಾನು ಹೇಳುತ್ತೇನೆ. ಆರೋಗ್ಯಕ್ಕೆ ಒಳ್ಳೆಯದು ಅಂತ ತರುವವರಿದ್ದಾರೆ, ಆದರೆ ಅದರ ಹೊಟ್ಟಿನಿಂದಾಗಿ ಲಟ್ಟಿಸಿದ ಮೇಲೆ ಮಡಚಿದಲ್ಲೆಲ್ಲ ಬಿಟ್ಟುಕೊಳ್ಳುತ್ತದೆ.

ಬ್ರೆಡ್ಡನ್ನು ಫ್ರಿಜ್ಜಲ್ಲಿ ಇಡಬೇಡಿ. ಹೊರಗಿಟ್ಟದ್ದಕ್ಕಿಂತ ಫ್ರಿಜ್ಜಲ್ಲಿಟ್ಟದ್ದು ಬೇಗ ಬಿರುಸಾಗುತ್ತದೆ. ಅದಕ್ಕೆ ಕಾರಣ ನೀರು ಆರಿಹೋಗುವುದಷ್ಟೇ ಅಲ್ಲ, ಬೆಂದಾಗ ಮೆತ್ತಗಾಗಿದ್ದ ಪಿಷ್ಟ ತಣ್ಣನೆ ಜಾಗದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಇದರಲ್ಲೊಂದು ಅನುಕೂಲವೂ ಇದೆ, ಬಿಸಿ ತಾಗಿಸಿದರೆ ಆ ಪಿಷ್ಟ ಸ್ವಲ್ಪ ಹೊತ್ತು ಮತ್ತೆ ಮೆತ್ತಗಾಗುತ್ತದೆ. ನಮ್ಮನೆಯಲ್ಲಿ ಬ್ರೆಡ್ ಬಿರುಸಾಗಿದ್ದರೆ ನಾನು ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ತಟ್ಟೆಯ ಮೇಲೆ ಬಟ್ಟೆ ಹಾಸಿ ಸ್ಲೈಸ್ ಇಟ್ಟು, ಹತ್ತಿಪ್ಪತ್ತು ಸೆಕೆಂಡ್ ಹಬೆ ತೋರಿಸುತ್ತೇನೆ. ತೆಗೆದ ಕೂಡಲೇ ಲಟ್ಟಿಸಬೇಕು. ಆರಿದರೆ ಮತ್ತೆ ಅದೇ ಕಥೆ.

ಈಗ ಹೂರಣ. ನಿಮ್ಮ ಗಮನವೆಲ್ಲ ಇಲ್ಲಿರಲಿ.

ಹತ್ತು ಹನ್ನೆರಡು ಸ್ಲೈಸಿಗೆ ಒಂದು ಬಟ್ಟಲು ತೆಂಗಿನತುರಿ, ಅರ್ಧ ಬಟ್ಟಲಿಗಿಂತ ಸ್ವಲ್ಪ ಕಮ್ಮಿ ಸಕ್ಕರೆ, ಒಂದೂವರೆ ಚಮಚ ತುಪ್ಪ, ಎರಡು ಚಮಚ ಹುರಿಗಡಲೆ ಪುಡಿ, ಒಂದು ಚಿಟಿಕೆ ಉಪ್ಪು, ನಾಲ್ಕೈದು ಏಲಕ್ಕಿ, ಮೂರು ಚಮಚ ಟೂಟಿ ಫ್ರೂಟಿ. ಕಾಯಿ ತುರಿಯುವಾಗ ಕರಟದ ಹತ್ತಿರದ ಕಂದು ಭಾಗ ಬರದ ಹಾಗೆ ನೋಡಿಕೊಳ್ಳಿ, ಬಿಳಿ ತುರಿ ಮಾತ್ರ ಸಾಕು. ಬಾಣಲೆಯಲ್ಲಿ ತುಪ್ಪ ಹಾಕಿ ಮೊದಲು ತುರಿಯನ್ನೊಂದೇ ಸಣ್ಣ ಉರಿಯಲ್ಲಿ ಹುರಿಯಿರಿ. ಬಣ್ಣ ಬದಲಾಗಬಾರದು, ಹಸಿ ವಾಸನೆ ಹೋಗಿ ತುರಿ ಬಿಡಿಬಿಡಿ ಆದರೆ ಸಾಕು. ಆಮೇಲೆ ಸಕ್ಕರೆ. ಸಕ್ಕರೆ ಬಿದ್ದ ಕೂಡಲೇ ಅಷ್ಟು ಹೊತ್ತು ಒಣಗಿದ್ದ ಹಾಗೆ ಕಾಣುತ್ತಿದ್ದ ತುರಿ ನೀರು ಬಿಡೋಕೆ ಶುರು ಮಾಡುತ್ತದೆ. ಸಕ್ಕರೆಯ ಗುಣವೇ ಅದು, ಪಕ್ಕದಲ್ಲಿರುವುದರಿಂದ ನೀರನ್ನು ಎಳೆದುಕೊಳ್ಳುತ್ತದೆ. ಹಸಿ ತುರಿಗೆ ಸಕ್ಕರೆ ಕಲಸಿ ಹಾಗೇ ಬ್ರೆಡ್ಡಿಗೆ ತುಂಬಿದರೆ ಈ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಯೋಚಿಸಿ. ಬ್ರೆಡ್ಡಿನೊಳಕ್ಕೇ ಅಲ್ವಾ? ಅದಕ್ಕೇ ಆ ನೀರನ್ನು ಬಾಣಲೆಯಲ್ಲೇ ಹೊರಗೆ ಬರಿಸಿ, ಬಾಣಲೆಯಲ್ಲೇ ಆರಿಸಿಬಿಡಬೇಕು.

ಕೈ ಬಿಡದೆ ತಿರುವುತ್ತಾ ಇರಿ. ಒಂದು ಹಂತದಲ್ಲಿ ಹೂರಣ ತಳ ಬಿಟ್ಟು ಒಟ್ಟಾಗೋಕೆ ಶುರುವಾಗುತ್ತದೆ. ಆಗ ಸ್ವಲ್ಪ ತೆಗೆದು, ಕೈಗೆ ಬಿಸಿ ತಡೆಯುವಷ್ಟಾದ ಮೇಲೆ ಉಂಡೆ ಕಟ್ಟಿ ನೋಡಿ. ಉಂಡೆ ನಿಲ್ಲಬೇಕು, ಅಂಗೈ ಒದ್ದೆ ಆಗಬಾರದು. ಅಷ್ಟಕ್ಕೆ ಒಲೆ ಆರಿಸಿ. ಇನ್ನೂ ಮುಂದುವರಿಸಿದರೆ ಕೊಬ್ಬರಿ ಮಿಠಾಯಿ ಪಾಕಕ್ಕೆ ಹೋಗಿ, ಆರಿದ ಮೇಲೆ ಕಲ್ಲಾಗುತ್ತದೆ.

ಒಲೆ ಆರಿಸಿದ ಮೇಲೆ ಹುರಿಗಡಲೆ ಪುಡಿ, ಉಪ್ಪು, ಏಲಕ್ಕಿ ಪುಡಿ. ಹುರಿಗಡಲೆ ಬೇಕರಿಯ ದಿಲ್‌ಪಸಂದಲ್ಲಿ ಇರುವುದಲ್ಲ, ನಾನು ಅದನ್ನು ಕರ್ಜಿಕಾಯಿಯಿಂದ ತಂದುಕೊಂಡಿದ್ದೇನೆ. ನಮ್ಮಲ್ಲಿ ಕರ್ಜಿಕಾಯಿ ಹೂರಣಕ್ಕೆ ಒಣ ಕೊಬ್ಬರಿ, ಸಕ್ಕರೆ, ಹುರಿಗಡಲೆ ಪುಡಿ, ಹುರಿದ ಗಸಗಸೆ ಹಾಕುತ್ತಾರಲ್ಲ, ಅಲ್ಲಿ ಎಲ್ಲವೂ ಒಣಗಿದ್ದೇ. ಅದಕ್ಕೇ ಡಬ್ಬಿಯಲ್ಲಿಟ್ಟರೆ ಎಷ್ಟೋ ದಿನ ಇರುತ್ತದೆ. ನಮ್ಮ ಈ ಹೂರಣದಲ್ಲಿ ಹಸಿ ಕಾಯಿ ಇದೆ, ಎಷ್ಟು ಹುರಿದರೂ ಚೂರು ತೇವ ಉಳಿದೇ ಇರುತ್ತದೆ. ಹುರಿಗಡಲೆ ಪುಡಿ ಅದನ್ನು ಕುಡಿದುಕೊಳ್ಳುತ್ತದೆ, ಜೊತೆಗೆ ಒಂದು ಒಳ್ಳೆಯ ಘಮವನ್ನೂ ಕೊಡುತ್ತದೆ. ಪುಡಿ ಇಲ್ಲದಿದ್ದರೆ ಬ್ರೆಡ್ಡಿನ ಕತ್ತರಿಸಿದ ಅಂಚನ್ನೇ ಕಾವಲಿ ಮೇಲೆ ಗರಿಗರಿ ಮಾಡಿ, ಮಿಕ್ಸಿಯಲ್ಲಿ ಪುಡಿ ಮಾಡಿ ಎರಡು ಚಮಚ ಹಾಕಿ. ಕೆಲಸ ನಡೆಯುತ್ತದೆ. ನನಗೆ ಹುರಿಗಡಲೆಯೇ ಇಷ್ಟ.

ಟೂಟಿ ಫ್ರೂಟಿ ಕೊನೆಗೆ, ಹೂರಣ ಪೂರ್ತಿ ಆರಿದ ಮೇಲೆ. ಅದು ಪರಂಗಿ ಕಾಯಿಯ ತುಂಡುಗಳನ್ನು ಬೇಯಿಸಿ ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಹಾಕಿದ್ದು. ಬಿಸಿ ಹೂರಣಕ್ಕೆ ಹಾಕಿದರೆ ಬಣ್ಣ ಬಿಟ್ಟು, ಬಿಳಿ ಕಾಯಿಯೆಲ್ಲ ಕೆಂಪು ಹಸಿರು ಬೆರೆತ ಮಾಸಲು ಬಣ್ಣಕ್ಕೆ ತಿರುಗುತ್ತದೆ. ಅಂಗಡಿಯಿಂದ ತಂದದ್ದು ಅಂಟಂಟಾಗಿದ್ದರೆ ಒಂದು ಬಟ್ಟೆ ಮೇಲೆ ಹರಡಿ ಒತ್ತಿ ಬಳಸಿ. ಹೂರಣ ಆರಲಿ ಅಂತ ಪದೇ ಪದೇ ಹೇಳುತ್ತಿರುವುದಕ್ಕೆ ಬಣ್ಣವೊಂದೇ ಕಾರಣ ಅಲ್ಲ. ಬಿಸಿ ಹೂರಣ ಬ್ರೆಡ್ಡಿನೊಳಗೆ ಹಬೆ ಬಿಡುತ್ತದೆ, ಆ ಹಬೆ ಅಂಟಿಸಿದ ಅಂಚನ್ನು ಸಡಿಲ ಮಾಡುತ್ತದೆ.

ಲಟ್ಟಿಸುವುದು ಸುಲಭ. ನಾಲ್ಕೂ ಕಡೆಯ ಕಂದು ಅಂಚು ಕತ್ತರಿಸಿ, ಚಪಾತಿ ಮಣೆ ಮೇಲೆ ಮಧ್ಯದಿಂದ ಹೊರಕ್ಕೆ ಲಟ್ಟಣಿಗೆ ಆಡಿಸಿ. ದಪ್ಪ ಚಪಾತಿಯಷ್ಟಾದರೆ ಸಾಕು. ಹಿಟ್ಟು ಉದುರಿಸಬೇಡಿ, ಉದುರಿಸಿದರೆ ಅಂಚು ಅಂಟಿಕೊಳ್ಳುವುದಿಲ್ಲ. ಲಟ್ಟಿಸಿದ್ದನ್ನೆಲ್ಲ ಒದ್ದೆ ಬಟ್ಟೆ ಕೆಳಗೆ ಮುಚ್ಚಿಡಿ, ಮೇಲೆ ಫ್ಯಾನ್ ತಿರುಗುತ್ತಿದ್ದರಂತೂ ನೋಡನೋಡುತ್ತಿದ್ದಂತೆ ಒಣಗಿಬಿಡುತ್ತವೆ.

ಆಕಾರಕ್ಕೆ ತ್ರಿಕೋನ ಎಲ್ಲರಿಗೂ ಗೊತ್ತು, ಒಂದು ಮೂಲೆಯಿಂದ ಎದುರು ಮೂಲೆಗೆ ಮಡಚುವುದು. ನನಗೆ ಅದಕ್ಕಿಂತ ಕರ್ಜಿಕಾಯಿ ಅಚ್ಚು ಹೆಚ್ಚು ಇಷ್ಟ. ಹಬ್ಬಕ್ಕೆ ಮಾತ್ರ ಹೊರಗೆ ಬರುವ ಆ ಅಚ್ಚು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಚ್ಚು ಬಿಚ್ಚಿ, ಒಳಗೆ ಸ್ಲೈಸ್ ಹರಡಿ, ಮಧ್ಯಕ್ಕೆ ಒಂದು ಚಮಚ ಹೂರಣ ಇಟ್ಟು, ಅಂಚಿಗೆ ಅಂಟು ಸವರಿ ಒತ್ತಿ ಮುಚ್ಚಿದರೆ, ಹೊರಗೆ ಉಳಿದದ್ದು ತಾನೇ ಕತ್ತರಿಸಿಕೊಂಡು ಬಂದು, ಹಲ್ಲು ಹಲ್ಲಾದ ಅಂಚು ಬಿಗಿಯಾಗಿ ಕೂರುತ್ತದೆ. ಅಚ್ಚು ಇಲ್ಲದವರು ಸ್ಟೀಲ್ ಡಬ್ಬಿಯ ಮುಚ್ಚಳದಿಂದ ದುಂಡಗೆ ಕತ್ತರಿಸಿ, ಅರ್ಧಕ್ಕೆ ಮಡಚಿ, ಫೋರ್ಕಿನಿಂದ ಅಂಚು ಒತ್ತಬಹುದು.

ಅಂಟು ಅಂದರೆ ಒಂದು ಚಮಚ ಮೈದಾಗೆ ಎರಡು ಚಮಚ ನೀರು, ಅಷ್ಟೇ. ಮೊಟ್ಟೆ ಹಚ್ಚಿ ಅಂತ ಹೇಳುವವರಿದ್ದಾರೆ. ಮೊಟ್ಟೆ ಚೆನ್ನಾಗಿ ಅಂಟುತ್ತದೆ ನಿಜ, ಆದರೆ ಮೊಟ್ಟೆ ಹಾಕದಿರುವುದೇ ಅಯ್ಯಂಗಾರ್ ಬೇಕರಿಗಳ ಹಳೆಯ ಪದ್ಧತಿ. ಹಾಸನದ ಕಡೆಯಿಂದ ಬಂದವರು ಬೆಂಗಳೂರಲ್ಲಿ ಬೆಳೆಸಿದ ಕಸುಬು ಅದು, ಚಿಕ್ಕಪೇಟೆಯ ಬಿ.ಬಿ. ಬೇಕರಿ 1898ರಷ್ಟು ಹಿಂದಿನದು. ಅವರ ತಿಂಡಿಯನ್ನು ಮನೆಯಲ್ಲಿ ಮಾಡುವಾಗ ಅವರ ಪದ್ಧತಿಯನ್ನೂ ಇಟ್ಟುಕೊಳ್ಳೋಣ ಅಂತ ನನ್ನ ಆಸೆ. ಇನ್ನು ಆಲೂ ಬ್ರೆಡ್ ರೋಲ್ ಮಾಡುವವರು ಸ್ಲೈಸನ್ನು ನೀರಲ್ಲಿ ಅದ್ದಿ ಹಿಂಡುತ್ತಾರಲ್ಲ, ಸಿಹಿಗೆ ಆ ಕ್ರಮ ಬೇಡವೇ ಬೇಡ. ಒದ್ದೆ ಬ್ರೆಡ್ ಎಣ್ಣೆಯಲ್ಲಿ ಸಿಡಿಯುತ್ತದೆ, ಒಳಗಿನ ಸಕ್ಕರೆಯೂ ಕರಗುತ್ತದೆ.

ಬೇಯಿಸುವುದು ಅಂತ ಬಾಯಿಮಾತಿಗೆ ಹೇಳುತ್ತೇವೆ. ನಿಜವಾಗಿ ಇಲ್ಲಿ ಬೇಯಬೇಕಾದದ್ದು ಏನೂ ಇಲ್ಲ. ಬ್ರೆಡ್ ಬೆಂದಿದೆ, ಹೂರಣ ಬೆಂದಿದೆ. ಹೊರಮೈ ಕೆಂಪಾಗಿ ಗರಿಗರಿ ಆದರೆ ಮುಗಿಯಿತು. ಇದು ಮನಸ್ಸಲ್ಲಿದ್ದರೆ ಯಾವ ಪಾತ್ರೆ, ಎಷ್ಟು ಉರಿ ಅನ್ನುವುದು ತಾನಾಗೇ ಹೊಳೆಯುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಅಗತ್ಯವೇ ಇಲ್ಲ. ಬ್ರೆಡ್ಡಿನ ಮೈಯೆಲ್ಲ ತೂತು, ಎಣ್ಣೆ ಹೀರುತ್ತದೆ, ಎಲ್ಲಾದರೂ ಅಂಚು ಬಿಟ್ಟುಕೊಂಡರೆ ಸಕ್ಕರೆ ಎಣ್ಣೆಗೆ ಬಿದ್ದು ಸೀದು ಉಳಿದವಕ್ಕೆಲ್ಲ ಕಹಿ ಹತ್ತಿಸುತ್ತದೆ. ನಾನು ದಪ್ಪ ತಳದ ಕಾವಲಿ ಮೇಲೆ ಒಂದು ಚಮಚ ತುಪ್ಪ ಹಾಕಿ, ಸಣ್ಣ ಉರಿಯಲ್ಲಿ ಒಂದೊಂದು ಕಡೆ ಎರಡು ಮೂರು ನಿಮಿಷ ಬಿಡುತ್ತೇನೆ. ತಿರುಗಿಸುವಾಗ ಅಂಚು ಹಿಡಿದು ಎತ್ತಬೇಡಿ, ಕೆಳಗಿಂದ ಮಗುಚುವ ಕೈ ಹಾಕಿ. ಎರಡೂ ಮೈ ಕೆಂಪಾದ ಮೇಲೆ, ಅಂಚೂ ಕಾಯಲಿ ಅಂತ ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಹೀಗೆ ಮಾಡಿದರೆ ಕರಿದದ್ದಕ್ಕಿಂತ ರುಚಿ. ತುಪ್ಪದ ಘಮ ಬ್ರೆಡ್ಡಿಗೆ ಸೇರುವುದು ಕಾವಲಿಯಲ್ಲೇ.

ಓವನ್ ಇದ್ದವರು 180 ಡಿಗ್ರಿಗೆ ಮೊದಲೇ ಕಾಯಿಸಿ, ಮೇಲೆ ಕರಗಿಸಿದ ಬೆಣ್ಣೆ ಸವರಿ 12ರಿಂದ 15 ನಿಮಿಷ ಇಡಿ, ಹತ್ತು ನಿಮಿಷ ಆದ ಮೇಲೆ ಕಣ್ಣಿಟ್ಟಿರಿ. ಏರ್ ಫ್ರೈಯರ್‌ನಲ್ಲಿ ಅದೇ ಶಾಖಕ್ಕೆ ಆರೇಳು ನಿಮಿಷ, ನಡುವೆ ಒಮ್ಮೆ ಮಗುಚಿ. ತೆಗೆದದ್ದನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಬೇಡಿ, ಜಾಲರಿ ಮೇಲೆ ಹರಡಿ. ಪೇರಿಸಿದರೆ ಕೆಳಗಿನವು ಹಬೆಗೆ ಮೆತ್ತಗಾಗುತ್ತವೆ.

ಬೇರೆ ಹೂರಣಗಳನ್ನೂ ತುಂಬುತ್ತೇನೆ. ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವುದು ಒಬ್ಬಟ್ಟಿನ ಹೂರಣ. ಯುಗಾದಿಗೆ ಒಬ್ಬಟ್ಟು ಮಾಡಿ ಕಣಕ ಮುಗಿದು ಹೂರಣ ಉಳಿಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮಾರನೇ ದಿನ ಅದನ್ನು ಬ್ರೆಡ್ಡಲ್ಲಿ ತುಂಬಿ. ಕಡಲೆಬೇಳೆ, ಬೆಲ್ಲ ಹಾಕಿ ಗಟ್ಟಿಯಾಗಿ ರುಬ್ಬಿದ ಹೂರಣದಲ್ಲಿ ಬಿಟ್ಟುಕೊಳ್ಳುವ ನೀರೇ ಇರುವುದಿಲ್ಲ, ಹೊಸದಾಗಿ ಏನೂ ಮಾಡಬೇಕಾಗಿಲ್ಲ. ಏಲಕ್ಕಿ ಬಾಳೆಹಣ್ಣು ತುಂಬಬೇಕಾದರೆ ಹಸಿಯಾಗಿ ಕಿವುಚಿ ಹಾಕಬೇಡಿ, ತುಪ್ಪದಲ್ಲಿ ಸಕ್ಕರೆ ಸೇರಿಸಿ ತಿರುವಿ, ಹುರಿದ ಚಿರೋಟಿ ರವೆ ಒಂದು ಚಮಚ ಹಾಕಿ ಗಟ್ಟಿ ಮಾಡಿಕೊಳ್ಳಿ. ಮಾವಿನ ಹಣ್ಣಿನ ರಸಕ್ಕೂ ಇದೇ ದಾರಿ, ಅದಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು. ಚಾಕೊಲೇಟ್ ಆದರೆ ತುಂಡು ಇಡಿ, ಸಿರಪ್ ಬೇಡ. ಜಾಮ್ ನಾನು ಬಳಸುವುದಿಲ್ಲ. ಕಾವಲಿ ಬಿಸಿಗೆ ಅದು ನೀರಾಗಿ ಅಂಚಿನಿಂದ ಹರಿದುಬಿಡುತ್ತದೆ.

ಸಕ್ಕರೆ ಇರುವ ಹೂರಣ ಬಿಸಿಯನ್ನು ತುಂಬಾ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಮುಟ್ಟಿ ನೋಡಿದರೆ ಆರಿದ ಹಾಗಿರುತ್ತದೆ, ಒಳಗೆ ನಾಲಿಗೆ ಸುಡುವಷ್ಟು ಇರುತ್ತದೆ. ಮಕ್ಕಳಿಗೆ ಕೊಡುವ ಮುಂಚೆ ಒಂದನ್ನು ಮುರಿದು ನೋಡಿ ಕೊಡಿ.

ಹಸಿ ಕಾಯಿ ಇರುವುದರಿಂದ ಅವತ್ತಿನದನ್ನು ಅವತ್ತೇ ತಿಂದು ಮುಗಿಸುವುದು ಒಳ್ಳೆಯದು. ನೆಂಟರು ಬರುತ್ತಾರೆ ಅಂತ ಮೊದಲೇ ಮಾಡಿಡಬೇಕು ಅಂದರೆ ತುಂಬಿ ಅಂಟಿಸುವವರೆಗೆ ಮಾಡಿ, ಇನ್ನೂ ಕಾಯಿಸದೆ, ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಕವರಿಗೆ ಹಾಕಿ ಬಾಯಿ ಕಟ್ಟಿ. ಫ್ರಿಜ್ಜಲ್ಲಿ ಬಿರುಸಾಗುವ ಬ್ರೆಡ್ ಫ್ರೀಜರಿನ ಚಳಿಗೆ ಹಾಗೆ ಕೆಡುವುದಿಲ್ಲ, ಪೂರ್ತಿ ಹೆಪ್ಪುಗಟ್ಟಿದ ಮೇಲೆ ಆ ಪಿಷ್ಟ ಗಟ್ಟಿಯಾಗುವ ಕೆಲಸ ನಿಂತೇಹೋಗುತ್ತದೆ. ಬೇಕಾದಾಗ ಹೊರಗೆ ತೆಗೆದು ಕರಗೋಕೆ ಬಿಡಬೇಡಿ, ಬಿಟ್ಟರೆ ಮೈಮೇಲೆ ನೀರು ಕೂರುತ್ತದೆ. ನೇರವಾಗಿ ತುಪ್ಪ ಹಾಕಿದ ಕಾವಲಿ ಮೇಲಿಟ್ಟು, ಅತಿ ಸಣ್ಣ ಉರಿಯಲ್ಲಿ, ಮೊದಲ ಎರಡು ನಿಮಿಷ ಮುಚ್ಚಳ ಮುಚ್ಚಿ, ಆಮೇಲೆ ತೆಗೆದು ಎರಡೂ ಕಡೆ ಕೆಂಪಗೆ ಮಾಡಿಕೊಳ್ಳಿ.