ಕೋಳಿ ಕರುಳು ಮತ್ತು ನರದ ಪಾಠ

ಕೋಲಾರದ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾನು ಪ್ರಾಕ್ಟಿಕಲ್ಸ್ ಮಾಡಿಸುತ್ತೇನೆ. ಪ್ರಯೋಗಕ್ಕೆಂದೇ ಪ್ರಾಣಿ ಕೊಲ್ಲುವುದು ನನಗಿಷ್ಟವಿಲ್ಲ. ಹಾಗಾಗಿ ಬೆಳಿಗ್ಗೆಯೇ ಕೋಳಿ ಅಂಗಡಿಗೆ ಹೋಗುತ್ತೇನೆ. "ಎಲ್ರೂ ಲಿವರ್ ಕೇಳ್ತಾರೆ, ನೀವೊಬ್ರು ಎಸೆಯೋದನ್ನ ಕೇಳ್ತೀರಲ್ಲ ಸಾರ್" ಅಂತ ಅಂಗಡಿಯವನು ನಗುತ್ತಾನೆ. ಕರುಳನ್ನು ತಣ್ಣನೆಯ ಟೈರೋಡ್ ದ್ರಾವಣದಲ್ಲಿ, ಅಂದರೆ ಅಂಗಾಂಶವನ್ನು ಜೀವಂತವಾಗಿಡುವ ಲವಣದ ನೀರಿನಲ್ಲಿ, ಹಾಕಿಕೊಂಡು ಬರುತ್ತೇನೆ.

ಈ ದ್ರಾವಣಕ್ಕೆ ಲೀಟರಿಗೆ 8 ಗ್ರಾಂ ಉಪ್ಪು, 1 ಗ್ರಾಂ ಗ್ಲೂಕೋಸ್, ಜೊತೆಗೆ ಚೂರು ಚೂರು ಬೇರೆ ಲವಣಗಳು. ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆ ಕರಗಿಸಿ ಕೊನೆಗೆ ಸೇರಿಸಬೇಕು, ಇಲ್ಲದಿದ್ದರೆ ನೀರು ಬೆಳ್ಳಗೆ ಒಡೆಯುತ್ತದೆ. ನಮ್ಮ ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಡಿಸ್ಟಿಲ್ಡ್ ನೀರೇ ಆಗಬೇಕು.

ಕರುಳನ್ನು ಬೆರಳಲ್ಲಿ ಹಿಂಡಬಾರದು. ಪಿಪೆಟ್‌ನಿಂದ ದ್ರಾವಣ ಬಿಟ್ಟು ಒಳಗಿನದನ್ನು ಮೆಲ್ಲಗೆ ತೊಳೆಯಬೇಕು. ಎರಡು ಮೂರು ಸೆಂಟಿಮೀಟರ್ ತುಂಡಿಗೆ ಸೂಜಿಯಿಂದ ಎರಡೂ ತುದಿಗೆ ದಾರ ಕಟ್ಟುವಾಗ ಗೋಡೆಯ ಒಂದೇ ಪದರಕ್ಕೆ ಹಾಕಬೇಕು, ಕರುಳಿನ ಬಾಯಿ ಮುಚ್ಚಬಾರದು. ಇಂಥ ಪ್ರಯೋಗವನ್ನು ಪರದೆ ಮೇಲೆ ತೋರಿಸುವ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ಈ ದಾರದ ಕೆಲಸ ಬರುವುದೇ ಇಲ್ಲ, ನೋಡಿ.

37 ಡಿಗ್ರಿಯ ಆರ್ಗನ್ ಬಾತ್‌ನಲ್ಲಿ (ತುಂಡನ್ನು ಬೆಚ್ಚಗಿನ ದ್ರಾವಣದಲ್ಲಿ ತೂಗುಹಾಕುವ ಗಾಜಿನ ಪಾತ್ರೆ) ಗಾಳಿಗುಳ್ಳೆ ಬಿಟ್ಟು ಅರ್ಧ ಗಂಟೆ ಸುಮ್ನೆ ಬಿಟ್ಟರೆ ತುಂಡು ತಾನಾಗಿ ತೂಗಾಡತೊಡಗುತ್ತದೆ. ದಾರಕ್ಕೆ ಕಟ್ಟಿದ ಕಡ್ಡಿ ಗೀರುವ, ಮಸಿ ಹಿಡಿದ ತಿರುಗುವ ಡ್ರಮ್ಮಿನ ಮೇಲೆ ಸಣ್ಣ ಅಲೆಗಳು ಮೂಡುತ್ತವೆ. "ಸಾರ್, ನರ ಕೆಲಸ ಮಾಡ್ತಿದೆ!" ಅಂತಾರೆ ಹುಡುಗರು. ನಾನು ಬೇಕೆಂದೇ ಕಾಯುವ ತಪ್ಪು ಮಾತು ಇದು.

1899ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಲ್ಲಿ ಬಿಡಿಸಿಟ್ಟದ್ದು ಇದನ್ನೇ. ತೂಗಾಟ ಸ್ನಾಯುವಿನ ಸ್ವಂತದ್ದು. ನರವನ್ನು ಕಟ್ಟಿಹಾಕುವ ನಿಕೋಟಿನ್ ಅಥವಾ ಕೊಕೇನ್ ಹಚ್ಚಿದರೂ ಅದು ನಿಲ್ಲಲಿಲ್ಲ. ಆದರೆ ಒಳಗೆ ಉಂಡೆ ಇಟ್ಟಾಗ ಅದರ ಮೇಲ್ಗಡೆ ಬಿಗಿದು, ಕೆಳಗಡೆ ಸಡಿಲಾಗುವ ಆಟ ನಿಂತೇಹೋಯಿತು. ಹೊರಗಿನ ನರ ಕತ್ತರಿಸಿದರೂ ಆ ಆಟ ಉಳಿದಿತ್ತು. ಅಂದರೆ ಆ ನರಜಾಲ ಕರುಳಿನ ಗೋಡೆಯೊಳಗೇ ಇದೆ. 1917ರಲ್ಲಿ ಜರ್ಮನಿಯ ಔಷಧವಿಜ್ಞಾನಿ ಟ್ರೆಂಡೆಲೆನ್‌ಬರ್ಗ್ ಗಿನಿಯಿಲಿಯಿಂದ ಕತ್ತರಿಸಿ ತೆಗೆದ ಕರುಳಿನೊಳಗೆ ಒತ್ತಡ ಏರಿಸಿ ಅದನ್ನೇ ತೋರಿಸಿದ.

ನನ್ನ ತುಂಡಿಗೆ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕ ಹಾಕಿದರೆ ಡ್ರಮ್ಮಿನ ಗೆರೆ ಜಿಗಿಯುತ್ತದೆ, ಅದನ್ನು ತಡೆಯುವ ಅಟ್ರೊಪಿನ್ ಹಾಕಿದ ಮೇಲೆ ಅದೇ ಪ್ರಮಾಣಕ್ಕೆ ಅಲುಗುವುದಿಲ್ಲ. ಬಿಗಿಸುವ ನರ ಬಳಸುವ ಭಾಷೆ ಈ ಅಸಿಟೈಲ್‌ಕೊಲಿನ್. ಸಡಿಲಿಸುವ ಕಡೆಯದನ್ನು 1930ರಲ್ಲಿ ಫಿಂಕಲ್‌ಮನ್ ಹಿಡಿದ. ಮೊಲದ ಕರುಳಿಗೆ ಹೊರಗಿನಿಂದ ಬರುವ, ಅದನ್ನು ಸಡಿಲಿಸುವ ಸಿಂಪಥೆಟಿಕ್ ನರಕ್ಕೆ ಕರೆಂಟ್ ಕೊಟ್ಟು, ಆ ತುಂಡನ್ನು ತೊಯಿಸಿದ್ದ ದ್ರವವನ್ನು ಇನ್ನೊಂದು ತುಂಡಿನ ಮೇಲೆ ಬಿಟ್ಟ. ಅದೂ ಸಡಿಲಾಯಿತು. ಇದನ್ನು ಮಾಡಲು ರಕ್ತನಾಳದ ಜೊತೆ ನರ ಉಳಿದಿರಬೇಕು. ಅಂಗಡಿಯ ಕತ್ತಿಯಲ್ಲಿ ಅದೆಲ್ಲಿ ಉಳಿಯುತ್ತದೆ? ಅದನ್ನು ಬೋರ್ಡಿನ ಮೇಲೇ ಬರೆದು ತೋರಿಸುತ್ತೇನೆ.